ಹಳೇ ಕಾಲದ ಪ್ರೇಮಕಥೆ, ಸಾಯದವನ ಪ್ರೇಮಕಥೆ: ಇವನ್ನು ಕೆಳಗಿಡೋಕೆ ಯಾಕೆ ಆಗಲ್ಲ?

ಮಧ್ಯರಾತ್ರಿ ದೀಪ

ಎಲ್ಲರಿಗೂ ನಮಸ್ಕಾರ. ಈ ಪ್ರಶ್ನೆ ಎರಡು ವರ್ಷದಿಂದ ನನ್ನ ತಲೆಯಲ್ಲಿದೆ. ಇವತ್ತು ಕೇಳಿಯೇ ಬಿಡುತ್ತೇನೆ.

ಆಗ ಅಪ್ಪ ಆಸ್ಪತ್ರೆಯಲ್ಲಿದ್ದರು. ರಾತ್ರಿ ಪಕ್ಕದಲ್ಲಿ ಕೂರುವ ಪಾಳಿ ನನ್ನದು. ಮಲಗುವ ಹಾಗಿಲ್ಲ, ಗಂಭೀರವಾದದ್ದು ಏನೂ ತಲೆಗೆ ಹತ್ತುತ್ತಿರಲಿಲ್ಲ. ಗೆಳತಿಯೊಬ್ಬಳು ಒಂದು ಕಾದಂಬರಿ ಕೈಗಿಟ್ಟಳು. ಇಂಗ್ಲೆಂಡ್, 1815ರ ಸುಮಾರು. ಸಾಲದಲ್ಲಿ ಮುಳುಗಿದ ಮನೆ, ತಂಗಿಯರ ಜವಾಬ್ದಾರಿ ಹೊತ್ತ ಹುಡುಗಿ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ ಒಬ್ಬ ಗಂಡಸು. ಬೆಳಗಾಗುವಷ್ಟರಲ್ಲಿ ಮುಗಿಸಿದ್ದೆ. ಮರುದಿನ ಇನ್ನೊಂದು. ಆಮೇಲೆ ಮುನ್ನೂರು ವರ್ಷದಿಂದ ಸಾಯದೆ ಉಳಿದ ಒಬ್ಬನ ಕಥೆ. ಐದು ವಾರದಲ್ಲಿ ಹದಿನಾಲ್ಕು ಪುಸ್ತಕ ಓದಿದೆ.

ಅಪ್ಪ ಈಗ ಆರಾಮಾಗಿದ್ದಾರೆ. ನನ್ನ ಓದು ಮಾತ್ರ ನಿಂತಿಲ್ಲ.

ಇವತ್ತಿನ ಕಾಲದಲ್ಲೇ ನಡೆಯುವ ಪ್ರೇಮ ಕಾದಂಬರಿಗಳನ್ನೂ ಓದಿ ನೋಡಿದೆ. ಕೆಲವು ತುಂಬಾ ಚೆನ್ನಾಗಿವೆ. ಆದರೂ ನೂರನೇ ಪುಟದ ಹೊತ್ತಿಗೆ ನನಗೆ ಒಂದೇ ಮಾತು ಅನ್ನಿಸುತ್ತದೆ: ಇಬ್ಬರೂ ಕೂತು ಹತ್ತು ನಿಮಿಷ ಮಾತಾಡಿದರೆ ಇದು ಮುಗಿಯುತ್ತದೆ, ಅಲ್ವಾ? ಹಳೇ ಕಾಲದ ಕಥೆಯಲ್ಲಿ ಹಾಗೆ ಅನ್ನಿಸುವುದಿಲ್ಲ. ಅಲ್ಲಿ ಆ ಹತ್ತು ನಿಮಿಷವೇ ಸಿಗುವುದಿಲ್ಲ. ಒಂದು ಪುಸ್ತಕದಲ್ಲಿ ಅವಳ ಕೈಗವಸು ಮೆಟ್ಟಿಲ ಮೇಲೆ ಬೀಳುತ್ತದೆ. ಅವನು ಎತ್ತಿಕೊಡುತ್ತಾನೆ. ಅದು ಇನ್ನೂ ಬೆಚ್ಚಗಿದೆ. ಅಷ್ಟೇ ಆ ದೃಶ್ಯ. ನನ್ನ ಎದೆ ಹೊಡೆದುಕೊಂಡಿದ್ದು ನನಗೇ ಕೇಳಿಸುತ್ತಿತ್ತು.

ನನ್ನ ಊಹೆ ಇಷ್ಟು. ಪ್ರೀತಿಯ ಕಥೆಗೆ ನಿಜವಾದ ಅಡ್ಡಿ ಬೇಕು. ಹಳೇ ಕಾಲವೂ ಅತಿಮಾನುಷ ಲೋಕವೂ ಆ ಅಡ್ಡಿಯನ್ನು ಕೊಡುತ್ತವೆ. ಅದಕ್ಕೇ ಈ ಎರಡನ್ನೂ ಒಬ್ಬರೇ ಓದುತ್ತಾರೆ. ನಿಮಗೇನು ಅನ್ನಿಸುತ್ತದೆ?

ಇತಿಹಾಸದ ಮೇಷ್ಟ್ರು

ದೀಪ ಅವರೇ, ನಿಮ್ಮ ಊಹೆ ಸರಿ ಅಂತ ನನಗೂ ಅನ್ನಿಸುತ್ತದೆ. ನಾನು ಮಕ್ಕಳಿಗೆ ಇತಿಹಾಸ ಹೇಳಿಕೊಡುವವನು. ಈ ಕಾದಂಬರಿಗಳನ್ನು ಮೊದಲು ತಪ್ಪು ಹುಡುಕುವುದಕ್ಕೆಂದೇ ಕೈಗೆತ್ತಿಕೊಂಡೆ. ಈಗ ಬಿಡಲಾಗದೆ ಓದುತ್ತೇನೆ.

ನೀವು ಹೇಳಿದ ಕಾಲಕ್ಕೆ ರೀಜೆನ್ಸಿ ಅನ್ನುತ್ತಾರೆ. ರಾಜ ಮೂರನೇ ಜಾರ್ಜ್‌ಗೆ ಮನಸ್ಸಿನ ಕಾಯಿಲೆ ಜಾಸ್ತಿಯಾಗಿ, ಮಗ ಅವನ ಹೆಸರಿನಲ್ಲಿ ಆಳಿದ ಕಾಲ. 1811ರಿಂದ 1820ರವರೆಗೆ, ಬರೀ ಒಂಬತ್ತು ವರ್ಷ. ಆ ಒಂಬತ್ತು ವರ್ಷದ ಮೇಲೆ ಎಷ್ಟು ಸಾವಿರ ಕಾದಂಬರಿ ಬಂದಿವೆಯೋ!

ಅಡ್ಡಿಯ ಮಾತಿಗೆ ಬರುತ್ತೇನೆ. ಮದುವೆಯಾಗದ ಹುಡುಗಿ ಒಬ್ಬ ಗಂಡಸಿನ ಜೊತೆ ಒಂಟಿಯಾಗಿ ಇರುವಂತಿಲ್ಲ. ಒಂದೇ ರಾತ್ರಿ ಒಬ್ಬನ ಜೊತೆ ಎರಡಕ್ಕಿಂತ ಹೆಚ್ಚು ಸಲ ಕುಣಿದರೆ ಊರೆಲ್ಲ ಮಾತಾಡುತ್ತಿತ್ತು. ನಿಶ್ಚಿತಾರ್ಥ ಆಗದ ಹೊರತು ಕಾಗದ ಬರೆಯುವಂತಿಲ್ಲ. ಬರೆದರೂ ಮುಚ್ಚಿಡುವುದು ಕಷ್ಟ, ಯಾಕೆಂದರೆ 1840ಕ್ಕೆ ಮೊದಲು ಅಂಚೆಯ ಹಣವನ್ನು ಸಾಮಾನ್ಯವಾಗಿ ಕೊಡುತ್ತಿದ್ದದ್ದು ಕಾಗದ ಪಡೆದವರು. ಅಂದರೆ ಮನೆಯ ಯಜಮಾನ ದುಡ್ಡು ಕೊಡುವಾಗ ಯಾರ ಕಾಗದ ಅಂತ ನೋಡಿಯೇ ನೋಡುತ್ತಾನೆ. ಇಷ್ಟು ಗೊತ್ತಿದ್ದರೆ ಕಥೆಯಲ್ಲಿ ಬರುವ ಒಂದು ಚೀಟಿಗೆ ಎಷ್ಟು ತೂಕ ಬರುತ್ತದೆ ನೋಡಿ.

ಇನ್ನು ವಾಲ್ಟ್ಸ್ ಕುಣಿತ. ಅಲ್ಲಿಯವರೆಗೆ ಸಾಲಾಗಿ ನಿಂತು ಬೆರಳು ತಾಗಿಸಿ ಕುಣಿಯುತ್ತಿದ್ದವರು. ವಾಲ್ಟ್ಸ್‌ನಲ್ಲಿ ಅವನ ಕೈ ಅವಳ ಸೊಂಟಕ್ಕೆ ಬಂತು. 1816ರಲ್ಲಿ ರಾಜಕುಮಾರನ ಔತಣದಲ್ಲಿ ಇದನ್ನು ಕುಣಿದರು ಅಂತ ಟೈಮ್ಸ್ ಪತ್ರಿಕೆ ಸಿಟ್ಟಿನಿಂದ ಬರೆದಿತ್ತು. ಕೈ ಎಲ್ಲಿಟ್ಟರು ಅನ್ನುವುದು ಪತ್ರಿಕೆಗೆ ವಿಷಯವಾಗಿದ್ದ ಕಾಲ ಅದು.

ಇವೆಲ್ಲ ನಡವಳಿಕೆಯ ಮಾತು. ಇದಕ್ಕಿಂತ ಗಟ್ಟಿ ಅಡ್ಡಿ ಕಾನೂನಿನದು. ಇಂಗ್ಲೆಂಡಿನಲ್ಲಿ ಮದುವೆಯಾದ ಕೂಡಲೇ ಹೆಂಡತಿಯ ಹಣ, ಅವಳ ಸಂಪಾದನೆ ಗಂಡನ ಕೈಗೆ ಹೋಗುತ್ತಿತ್ತು. ಅದು ಬದಲಾಗಲು ಶುರುವಾದದ್ದು 1870ರ ಕಾಯ್ದೆಯಿಂದ, ಸರಿಯಾಗಿ ಬದಲಾದದ್ದು 1882ರದ್ದರಿಂದ. ವಿಚ್ಛೇದನಕ್ಕೆ 1857ರವರೆಗೆ ನ್ಯಾಯಾಲಯದ ದಾರಿಯೇ ಇರಲಿಲ್ಲ. ಮತ್ತೆ ಮದುವೆಯಾಗಬೇಕಾದರೆ ಸಂಸತ್ತಿನಲ್ಲಿ ನಿಮ್ಮ ಹೆಸರಿಗೇ ಒಂದು ಕಾಯ್ದೆ ಪಾಸಾಗಬೇಕು. 1700ರಿಂದ 1857ರವರೆಗೆ ಹಾಗೆ ಬಿಡುಗಡೆ ಸಿಕ್ಕಿದ್ದು ಮುನ್ನೂರು ಚಿಲ್ಲರೆ ಮಂದಿಗೆ. ಅದರಲ್ಲಿ ಹೆಂಗಸರು ನಾಲ್ಕೇ ನಾಲ್ಕು.

ಹಾಗಾಗಿ ಹೀರೊಯಿನ್ ಒಬ್ಬನಿಗೆ ಹೂಂ ಅನ್ನುವಾಗ ಅವಳು ತನ್ನ ಇಡೀ ಜೀವ ಪಣಕ್ಕಿಡುತ್ತಿದ್ದಾಳೆ. ಅವನು ಒಳ್ಳೆಯವನೋ ಅಲ್ಲವೋ ಅನ್ನುವುದು ಅವಳಿಗೆ ಅನ್ನದ ಪ್ರಶ್ನೆ, ತಲೆ ಮೇಲಿನ ಸೂರಿನ ಪ್ರಶ್ನೆ.

ಪುಟ ಮಡಚುವವಳು

ಮೇಷ್ಟ್ರೇ, ಅದಕ್ಕೇ ಈ ಕಥೆಗಳಲ್ಲಿ ವಿಧವೆಯರು ಅಷ್ಟು ಜನ ಬರುತ್ತಾರಾ? ನಾನು ಓದಿದ ಎಷ್ಟೋ ಪುಸ್ತಕಗಳಲ್ಲಿ ಹೀರೊಯಿನ್ ಮೊದಲ ಗಂಡನನ್ನು ಕಳೆದುಕೊಂಡವಳು.

ಇತಿಹಾಸದ ಮೇಷ್ಟ್ರು

ಹೌದಮ್ಮ, ಅದೇ ಕಾರಣ. ವಿಧವೆಯ ಆಸ್ತಿ ಅವಳದೇ, ಸಹಿ ಅವಳದೇ. ಯಾರ ಅಪ್ಪಣೆಯೂ ಬೇಡ. ಅವಳು ಮತ್ತೆ ಮದುವೆಯಾದರೆ ಅದೆಲ್ಲ ಹೋಗುತ್ತದೆ. ಬಿಡುವುದಕ್ಕೆ ಅವಳ ಹತ್ತಿರ ಏನೋ ಇದೆ. ಅದಕ್ಕೇ ಆ ಕಥೆಗಳು ಇಪ್ಪತ್ತರ ಹುಡುಗಿಯ ಕಥೆಗಿಂತ ನನಗೆ ಜಾಸ್ತಿ ಇಷ್ಟ.

ಇನ್ನೊಂದು ಮರೆತಿದ್ದೆ. ಓಡಿಹೋಗುವ ಜೋಡಿಗಳು ಯಾವಾಗಲೂ ಸ್ಕಾಟ್‌ಲೆಂಡಿನ ಗ್ರೆಟ್ನಾ ಗ್ರೀನ್‌ಗೇ ಯಾಕೆ ಹೋಗುತ್ತಾರೆ ಅಂತ ಸುಮಾರು ಜನ ಕೇಳುತ್ತಾರೆ. 1753ರ ಮದುವೆ ಕಾಯ್ದೆಯ ಪ್ರಕಾರ 21 ವರ್ಷ ತುಂಬದವರು ಲೈಸೆನ್ಸ್ ಪಡೆದು ಮದುವೆಯಾಗಲು ತಂದೆಯ ಒಪ್ಪಿಗೆ ಬೇಕು. ಚರ್ಚಿನಲ್ಲಿ ಮೂರು ವಾರ ಕೂಗಿ ಹೇಳಿ ಮದುವೆಯಾಗೋಣ ಅಂದರೆ ತಂದೆ ಎದ್ದು ನಿಂತು ತಡೆಯಬಹುದು. ಈ ಕಾಯ್ದೆ ಸ್ಕಾಟ್‌ಲೆಂಡಿಗೆ ಅನ್ವಯಿಸುತ್ತಿರಲಿಲ್ಲ. ಗಡಿ ದಾಟಿದ ಕೂಡಲೇ ಸಿಗುತ್ತಿದ್ದ ಊರು ಅದು. ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿದೆವು ಅಂದರೆ ಮುಗಿಯಿತು.

ತೋಳನ ನೆರಳು

ನಾನು ಇನ್ನೊಂದು ಕಡೆಯವಳು. ರಕ್ತ ಹೀರಿ ಸಾಯದೆ ಉಳಿಯುವ ವ್ಯಾಂಪೈರ್, ತೋಳಮನುಷ್ಯ, ದೆವ್ವ, ಶಾಪ, ಇವೇ ನನಗೆ ಬೇಕು. ದೀಪ ಅಕ್ಕ ಕೇಳಿದ್ದಕ್ಕೆ ನನ್ನ ಹತ್ತಿರ ಒಂದು ಉತ್ತರ ಇದೆ. ಅದು ಮೇಷ್ಟ್ರ ಒಂಬತ್ತು ವರ್ಷದ ಒಳಗೇ ಇದೆ!

1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ ಮತ್ತು ಅನಿಲ ಆಕಾಶಕ್ಕೆ ಹರಡಿ ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. 1816ರ ಆ ಚಳಿಮಳೆಯಲ್ಲಿ ಜಿನೀವಾ ಸರೋವರದ ದಡದ ಒಂದು ಮನೆಯಲ್ಲಿ ಕವಿ ಬೈರನ್, ಅವನ ವೈದ್ಯ ಪಾಲಿಡೋರಿ, ಇನ್ನೊಬ್ಬ ಕವಿ ಷೆಲ್ಲಿ, ಅವನ ಸಂಗಾತಿ ಮೇರಿ ಎಲ್ಲರೂ ಸೇರಿ ದೆವ್ವದ ಕಥೆ ಬರೆಯೋಣ ಅಂತ ಪಂದ್ಯ ಕಟ್ಟಿದರು. ಮೇರಿಯ ಕಥೆ ಫ್ರಾಂಕೆನ್‌ಸ್ಟೈನ್, ಅದು ಎಲ್ಲರಿಗೂ ಗೊತ್ತು. ಪಾಲಿಡೋರಿ ಬರೆದದ್ದು ವ್ಯಾಂಪೈರ್ ಕಥೆ. ಅದು 1819ರಲ್ಲಿ ಅಚ್ಚಾಯಿತು, ಅದೂ ಮೊದಲು ಬೈರನ್ ಹೆಸರಿನಲ್ಲಿ.

ಅದಕ್ಕೆ ಮೊದಲು ಪೂರ್ವ ಯುರೋಪಿನ ಹಳ್ಳಿಗಳಲ್ಲಿ ವ್ಯಾಂಪೈರ್ ಅಂದರೆ ಊದಿಕೊಂಡ, ಕೆಂಪಗಾದ ಹೆಣ. ಸಮಾಧಿಯಿಂದ ಎದ್ದು ಬಂದು ಮನೆಮಂದಿಯನ್ನೇ ಕಾಡುವಂಥದ್ದು. ಯಾರು ಅದನ್ನು ಪ್ರೀತಿಸುತ್ತಾರೆ? ಪಾಲಿಡೋರಿಯ ವ್ಯಾಂಪೈರ್ ಲಂಡನ್ನಿನ ದೊಡ್ಡವರ ಔತಣಗಳಲ್ಲಿ ಓಡಾಡುವ ಲಾರ್ಡ್. ಬಿಳಿಚಿದ ಮುಖ, ತಣ್ಣನೆಯ ಕಣ್ಣು, ಹೆಂಗಸರೆಲ್ಲ ಅವನ ಕಡೆ ನೋಡುವಂಥ ಗಂಡಸು. ಅಂದರೆ ನೀವು ಓದಿದ ಪುಸ್ತಕದ ಆ 'ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ' ಗಂಡಸೂ, ಸಾಯದೆ ಉಳಿದವನೂ ಒಂದೇ ಮನೆಯಲ್ಲಿ ಹುಟ್ಟಿದವರು. ಒಂದೇ ಔತಣಕೂಟ, ಒಂದೇ ಕೋಟು.

ಅಡ್ಡಿ ಇರುವ ಜಾಗ ಮಾತ್ರ ಬೇರೆ. ಹಳೇ ಕಾಲದ ಕಥೆಯಲ್ಲಿ ಅಡ್ಡಿ ಹೊರಗಿದೆ: ಅಪ್ಪ, ಕಾನೂನು, ಜನರ ಬಾಯಿ. ವ್ಯಾಂಪೈರ್ ಕಥೆಯಲ್ಲಿ ಅದು ಅವನ ಒಳಗೇ ಇದೆ. ಅವಳು ಹತ್ತಿರ ಬಂದಷ್ಟೂ ಅವನ ಹಸಿವು ಜಾಸ್ತಿಯಾಗುತ್ತದೆ. ಅವಳನ್ನು ಉಳಿಸಬೇಕಾದರೆ ಅವನು ತನ್ನನ್ನೇ ತಡೆಯಬೇಕು. ಪ್ರತಿ ದಿನ, ಪ್ರತಿ ಸಲ. ಬಲಶಾಲಿಯಾದವನು ತನ್ನ ಬಲವನ್ನು ಹಿಡಿದಿಟ್ಟುಕೊಳ್ಳುವುದನ್ನು ನೋಡಿದಾಗ ನನಗೆ ಆಗುವ ಸಮಾಧಾನ ಬೇರೆ ಯಾವ ಕಥೆಯಲ್ಲೂ ಸಿಕ್ಕಿಲ್ಲ.

ಕರೆಯದೆ ಹೊಸಿಲು ದಾಟುವಂತಿಲ್ಲ ಅನ್ನುವ ನಿಯಮ ಇದೆಯಲ್ಲ, ಅದು 1897ರ ವ್ಯಾಂಪೈರ್ ಕಾದಂಬರಿ ಡ್ರಾಕುಲಾದಲ್ಲೇ ಇದೆ. ಗೋಡೆ ಹತ್ತಬಲ್ಲ, ಬಾವಲಿಯಾಗಬಲ್ಲ ಒಬ್ಬ ಬಾಗಿಲ ಹೊರಗೆ ನಿಂತು 'ಬರಲಾ?' ಅಂತ ಕೇಳಲೇಬೇಕು. ಒಳಗಿರುವವಳು ಹೂಂ ಅನ್ನಬೇಕು. ಇವತ್ತಿನ ಲೇಖಕಿಯರು ಈ ಒಂದು ನಿಯಮವನ್ನು ಹಿಡಿದು ಎಷ್ಟು ಚೆನ್ನಾಗಿ ಬೆಳೆಸಿದ್ದಾರೆ ಅಂದರೆ, ಕೆಲವು ಪುಸ್ತಕಗಳಲ್ಲಿ ಅವಳು ಬಾಗಿಲು ತೆಗೆಯುವ ಪುಟವೇ ಇಡೀ ಕಥೆಯ ಎದೆ.

ಅಂದಹಾಗೆ, ಬಿಸಿಲಿಗೆ ವ್ಯಾಂಪೈರ್ ಸಾಯುತ್ತಾನೆ ಅನ್ನುವುದು ಡ್ರಾಕುಲಾದಲ್ಲಿ ಇಲ್ಲ. ಅವನು ಹಗಲಿನಲ್ಲೂ ಲಂಡನ್ ಬೀದಿಯಲ್ಲಿ ಓಡಾಡುತ್ತಾನೆ. ಬಿಸಿಲಿಗೆ ಕರಗುವುದು ಬಂದದ್ದು 1922ರ ಜರ್ಮನ್ ಮೂಕಿ ಚಿತ್ರದಿಂದ. ಹಗಲು ಅವಳದು, ರಾತ್ರಿ ಅವನದು ಅನ್ನುವ ಹೊಸ ಅಡ್ಡಿ ಹಾಗೆ ಸಿಕ್ಕಿತು.

ಮಧ್ಯರಾತ್ರಿ ದೀಪ

ಒಂದೇ ಮನೆಯಲ್ಲಿ ಹುಟ್ಟಿದವರು! ಇದು ನನಗೆ ಗೊತ್ತೇ ಇರಲಿಲ್ಲ. ಆಸ್ಪತ್ರೆಯ ಆ ರಾತ್ರಿಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಅಷ್ಟು ಸಲೀಸಾಗಿ ಹೇಗೆ ಹೋದೆ ಅಂತ ಈಗ ಅರ್ಥವಾಯಿತು.

ಅನುಮಾನದ ಓದುಗ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. ನನ್ನ ಅಕ್ಕ ಇವನ್ನು ಓದುತ್ತಾಳೆ. ಅವಳ ಕಪಾಟಿನಿಂದ ನಾನೂ ಇಪ್ಪತ್ತು ಪುಸ್ತಕ ಓದಿದ್ದೇನೆ. ಓದದೆ ಮಾತಾಡುತ್ತಿಲ್ಲ.

ಅಡ್ಡಿಯನ್ನು ಇಷ್ಟಪಡುತ್ತೇವೆ ಅಂತ ಎಲ್ಲರೂ ಹೇಳುತ್ತಿದ್ದೀರಿ. ಆ ಅಡ್ಡಿಯಲ್ಲಿ ನಿಜವಾಗಿ ಸಿಕ್ಕಿಹಾಕಿಕೊಂಡಿದ್ದ ಹೆಂಗಸರಿಗೆ ಅದು ಕಥೆಯಾಗಿರಲಿಲ್ಲ. ಮೇಷ್ಟ್ರು ಹೇಳಿದ ಕಾನೂನು ಎಷ್ಟು ಜನರ ಬಾಳು ಹಾಳುಮಾಡಿತು? ನಾವು ಅದನ್ನು ಎದೆ ಹೊಡೆದುಕೊಳ್ಳುವುದಕ್ಕೆ ಬಳಸುತ್ತಿದ್ದೇವೆ.

ಎರಡನೆಯದು, ಈ ಕಥೆಗಳಲ್ಲಿ ಹೀರೊ ಆಗಿ ಬರುವ ಡ್ಯೂಕ್‌ಗಳು, ಅಂದರೆ ಅತಿ ದೊಡ್ಡ ಬಿರುದಿನ ಶ್ರೀಮಂತರು. ರೀಜೆನ್ಸಿಯಲ್ಲಿ ರಾಜಮನೆತನಕ್ಕೆ ಸೇರದ ಡ್ಯೂಕ್‌ಗಳು ಮೂವತ್ತನ್ನೂ ದಾಟುತ್ತಿರಲಿಲ್ಲ. ಹೆಚ್ಚಿನವರು ಮದುವೆಯಾದವರು, ವಯಸ್ಸಾದವರು. ಕಾದಂಬರಿಗಳಲ್ಲಿ ನೂರಾರು ಮಂದಿ, ಎಲ್ಲರೂ ಮೂವತ್ತರೊಳಗೆ. ಅದಿರಲಿ. ಆ ಮನೆಗಳ ದುಡ್ಡು ಎಲ್ಲಿಂದ ಬರುತ್ತಿತ್ತು? ಎಷ್ಟೋ ಶ್ರೀಮಂತ ಮನೆತನಗಳಿಗೆ ಅದು ಕೆರಿಬಿಯನ್ ದ್ವೀಪಗಳ ಸಕ್ಕರೆ ತೋಟಗಳಿಂದ ಬರುತ್ತಿತ್ತು, ಗುಲಾಮರ ದುಡಿಮೆಯಿಂದ. 1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರ ನಿಲ್ಲಿಸಿತು, ಗುಲಾಮಗಿರಿಯನ್ನು ನಿಲ್ಲಿಸಲಿಲ್ಲ. ಅದಕ್ಕೆ 1833ರ ಕಾಯ್ದೆ ಬರಬೇಕಾಯಿತು. ಆಗಲೂ 2 ಕೋಟಿ ಪೌಂಡ್ ಪರಿಹಾರ ಹೋದದ್ದು ಒಡೆಯರಿಗೆ. ಗುಲಾಮರಿಗೆ ಒಂದು ಕಾಸೂ ಇಲ್ಲ. ಮೇಣದ ಬತ್ತಿಯ ಬೆಳಕಿನ ಆ ಔತಣ ಯಾರ ಬೆವರಿನದು ಅಂತ ಎಷ್ಟು ಪುಸ್ತಕ ಕೇಳುತ್ತವೆ?

ಮೂರನೆಯದು ಒಪ್ಪಿಗೆ. ಈಗಿನ ದಪ್ಪ ಐತಿಹಾಸಿಕ ರೊಮ್ಯಾನ್ಸ್‌ಗೆ ದಾರಿ ಹಾಕಿದ್ದು 1972ರಲ್ಲಿ ಬಂದ ಕ್ಯಾಥ್ಲೀನ್ ವುಡಿವಿಸ್ ಅವರ ಕಾದಂಬರಿ ಅಂತ ಎಲ್ಲರೂ ಒಪ್ಪುತ್ತಾರೆ. ಅದರ ಶುರುವಿನಲ್ಲೇ ಹೀರೊ ಹೀರೊಯಿನ್ ಮೇಲೆ ಅತ್ಯಾಚಾರ ಮಾಡುತ್ತಾನೆ. ಆಮೇಲೆ ಅವನನ್ನೇ ಅವಳು ಪ್ರೀತಿಸಬೇಕು. ಮುಂದಿನ ಹತ್ತು ಹದಿನೈದು ವರ್ಷ ಅದೇ ಮಾದರಿ ಎಷ್ಟೋ ಪುಸ್ತಕಗಳಲ್ಲಿ ನಡೆಯಿತು. ಇನ್ನು ಇನ್ನೂರು ವರ್ಷದವನು ಹದಿನೆಂಟರ ಹುಡುಗಿಯನ್ನು ಪ್ರೀತಿಸುವ ಕಥೆ. ಅದನ್ನು ಓದುವಾಗ ನನಗೆ ಹಿಂಸೆಯಾಗುತ್ತದೆ.

ಮಧ್ಯರಾತ್ರಿ ದೀಪ

ಬೇಜಾರೇನಿಲ್ಲ. ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ.

ದುಡ್ಡಿನ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ನೀವು ಹೇಳಿದ್ದು ಸರಿ. ಈಗೀಗ ಕೆಲವು ಪುಸ್ತಕಗಳು ಅದನ್ನು ಎತ್ತುತ್ತವೆ. ಆನುವಂಶಿಕ ಆಸ್ತಿ ಎಲ್ಲಿಂದ ಬಂತು ಅಂತ ತಿಳಿದ ಮೇಲೆ ಹೀರೊ ಏನು ಮಾಡುತ್ತಾನೆ ಅನ್ನುವುದೇ ಕಥೆಯ ತಿರುವು. ಗಡಿಯಾರ ರಿಪೇರಿ ಮಾಡುವವನು, ಮುದ್ರಣಾಲಯ ನಡೆಸುವವಳು, ಹಡಗಿನಿಂದ ತಪ್ಪಿಸಿಕೊಂಡು ಬಿಡುಗಡೆ ಕಂಡವನು, ಇಂಥವರು ಮುಖ್ಯ ಪಾತ್ರವಾಗಿರುವ ಪುಸ್ತಕಗಳನ್ನು ಈಗ ಹುಡುಕಿಕೊಂಡು ಓದುತ್ತೇನೆ. ಡ್ಯೂಕ್‌ನ ಮನೆಗಿಂತ ಆ ಮುದ್ರಣಾಲಯದ ಮಸಿಯ ವಾಸನೆ ನನಗೆ ಹತ್ತಿರ.

ಒಪ್ಪಿಗೆಯ ಮಾತನ್ನೂ ಒಪ್ಪುತ್ತೇನೆ. ಆ ಹಳೇ ಪುಸ್ತಕಗಳಲ್ಲಿ ಒಂದನ್ನು ಅರ್ಧಕ್ಕೆ ಮುಚ್ಚಿಟ್ಟೆ.

ಆದರೆ ಮೊದಲನೆಯ ಮಾತನ್ನು ಒಪ್ಪಲಾರೆ. ಆ ಹೆಂಗಸರ ಕಷ್ಟವನ್ನು ನಾವು ಖುಷಿಗೆ ಬಳಸುತ್ತಿಲ್ಲ. ನಿಜವಾಗಿ ಇದ್ದವರಲ್ಲಿ ಎಷ್ಟೋ ಜನರಿಗೆ ಸಿಗದ ಗೆಲುವನ್ನು ಕಥೆ ಒಬ್ಬಳಿಗಾದರೂ ಕೊಡುತ್ತದೆ. ಕಾನೂನು, ಮನೆ, ದುಡ್ಡು ಎಲ್ಲ ಅವಳ ಎದುರು ನಿಂತಿವೆ. ಆದರೂ ಅವಳು ತನಗೆ ಬೇಕಾದವನನ್ನು ತಾನೇ ಆರಿಸುತ್ತಾಳೆ. ಅವನ ಕೈಯಲ್ಲಿ ಎಲ್ಲ ಅಧಿಕಾರ ಇದ್ದರೂ ಅವನು ಅದನ್ನು ಚಲಾಯಿಸದೆ ಅವಳ ಮಾತಿಗೆ ಕಾಯುತ್ತಾನೆ. ಇದನ್ನು ಓದುವಾಗ ನನಗೆ ಸುಮ್ನೆ ಕಣ್ಣು ತುಂಬುತ್ತದೆ.

ಬರೆಯುವ ಕೈ

ನಾನು ಈ ಬಗೆಯ ಕಾದಂಬರಿ ಬರೆಯುತ್ತೇನೆ. ಬೇರೆ ಹೆಸರಿನಲ್ಲಿ. ಈ ಚರ್ಚೆ ಓದಿ ತುಂಬಾ ಸಂತೋಷವಾಯಿತು. ಒಳಗಿನಿಂದ ನೋಡಿದರೆ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಅಮೆರಿಕದ ರೊಮ್ಯಾನ್ಸ್ ಬರಹಗಾರರ ಸಂಘ ರೊಮ್ಯಾನ್ಸ್ ಅಂದರೆ ಏನು ಅಂತ ಹೇಳುವಾಗ ಎರಡೇ ಷರತ್ತು ಹಾಕಿತ್ತು. ಕಥೆಯ ನಡುವೆ ಪ್ರೀತಿ ಇರಬೇಕು. ಕೊನೆ ಮನಸ್ಸು ತುಂಬುವಂತೆ, ಭರವಸೆ ಉಳಿಯುವಂತೆ ಇರಬೇಕು. ಕೊನೆ ಗೊತ್ತಿದ್ದ ಮೇಲೆ ಓದುವುದೇನು ಅಂತ ಕೇಳುವವರಿದ್ದಾರೆ. ದೀಪ ಅವರೇ, ನೀವು ಆಸ್ಪತ್ರೆಯಲ್ಲಿ ಕೂತು ಓದಿದಿರಿ. ಅಲ್ಲಿ ನಿಮ್ಮ ಕೈಯಲ್ಲಿದ್ದ ಎಲ್ಲದರಲ್ಲೂ ಕೊನೆ ಗೊತ್ತಿದ್ದದ್ದು ಆ ಪುಸ್ತಕ ಒಂದರದ್ದೇ ಅಲ್ಲವೇ? ಕೊನೆ ಒಳ್ಳೆಯದು ಅಂತ ಗೊತ್ತಿದ್ದರೆ ಓದುಗರು ನನ್ನ ಜೊತೆ ಎಷ್ಟು ಕತ್ತಲೆಗಾದರೂ ಬರುತ್ತಾರೆ. ಯುದ್ಧದಲ್ಲಿ ಕಾಲು ಕಳೆದುಕೊಂಡವನ ಹತ್ತಿರ, ಮಗು ಸತ್ತ ತಾಯಿಯ ಹತ್ತಿರ, ಶಾಪ ಹೊತ್ತವನ ಹತ್ತಿರ. ಕೈ ಬಿಡುವುದಿಲ್ಲ ಅಂತ ಮೊದಲೇ ಮಾತು ಕೊಟ್ಟಿರುತ್ತೇನೆ.

ಹಾಗಂತ ಅಡ್ಡಿಯನ್ನು ಸುಲಭವಾಗಿ ಬಿಡಿಸಬಾರದು. ಇದು ನಮ್ಮ ಕೆಲಸದಲ್ಲಿ ತುಂಬಾ ಕಷ್ಟದ ಭಾಗ. ಐತಿಹಾಸಿಕ ಕಥೆಯಲ್ಲಿ ಕೊನೆಗೆ ಹುಡುಗಿ ಶ್ರೀಮಂತರ ಕಳೆದುಹೋದ ಮಗಳು ಅಂತ ಗೊತ್ತಾದರೆ ನಾನು ಮೋಸ ಮಾಡಿದ ಹಾಗೆ. ಸಾಯದವನ ಕಥೆಯಲ್ಲೂ ಅಷ್ಟೇ. ಅವಳಿಗೆ ಮುಪ್ಪು ಬರುತ್ತದೆ, ಅವನಿಗೆ ಬರುವುದಿಲ್ಲ. ಈ ಗಂಟು ಬಿಚ್ಚಲು ದಾರಿ ಎರಡೋ ಮೂರೋ ಅಷ್ಟೇ. ಅವಳು ಅವನಂತಾಗಬೇಕು, ಇಲ್ಲ ಅವನು ಮನುಷ್ಯನಾಗಬೇಕು, ಇಲ್ಲ ಇರುವಷ್ಟು ವರ್ಷ ಸಾಕು ಅಂತ ಇಬ್ಬರೂ ಒಪ್ಪಬೇಕು. ಯಾವ ದಾರಿ ಹಿಡಿದರೂ ಒಬ್ಬರು ಏನನ್ನೋ ಶಾಶ್ವತವಾಗಿ ಬಿಡಬೇಕು. ಅವಳು ಅವನಂತಾದರೆ ಅವಳ ತಂಗಿ ಮುದುಕಿಯಾಗಿ ಸಾಯುವುದನ್ನು ನೋಡಬೇಕು. ಆ ಪುಟವನ್ನು ಬರೆಯದೆ ಹಾರಿಸಿದರೆ ಕೊನೆಯ ಸುಖ ಸಪ್ಪೆಯಾಗುತ್ತದೆ. ನನ್ನ ಎರಡನೇ ಕಾದಂಬರಿಯಲ್ಲಿ ಹಾರಿಸಿದ್ದೆ. ಓದುಗರು ಸರಿಯಾಗಿಯೇ ಬೈದರು.

ಜೇನ್ ಆಸ್ಟೆನ್ ಬಗ್ಗೆಯೂ ಒಂದು ಮಾತು. ಅವರ ಕಾದಂಬರಿಗಳು ಅಚ್ಚಾದದ್ದು 1811ರಿಂದ 1817ರೊಳಗೆ. ಅವರಿಗೆ ಅದು ಇತಿಹಾಸವಲ್ಲ, ಕಿಟಕಿಯ ಹೊರಗಿನ ಬೀದಿ. ಹಾಗಾಗಿ ಗಾಡಿ ಹೇಗಿತ್ತು, ಉಡುಪು ಹೇಗಿತ್ತು ಅಂತ ವಿವರಿಸುವುದೇ ಕಡಿಮೆ. ನಾವು ಇವತ್ತು ರೀಜೆನ್ಸಿ ಕಾದಂಬರಿ ಅನ್ನುವ ಬಗೆಯನ್ನು ಕಟ್ಟಿದವರು ಜಾರ್ಜೆಟ್ ಹೇಯರ್. ಆ ಕಾಲದ ಮೇಲೆ ಅವರ ಮೊದಲ ಕಾದಂಬರಿ ಬಂದದ್ದು 1935ರಲ್ಲಿ. ಬೂಟಿನ ಹೊಳಪಿನಿಂದ ಹಿಡಿದು ಬೈಗುಳದವರೆಗೆ ಎಲ್ಲವನ್ನೂ ಹುಡುಕಿ ಹುಡುಕಿ ಟಿಪ್ಪಣಿ ಮಾಡಿಕೊಂಡವರು ಅವರು. ನಾವೆಲ್ಲ ಆ ಬುತ್ತಿಯಿಂದಲೇ ಉಣ್ಣುತ್ತಿದ್ದೇವೆ.

ಅನುಮಾನದ ಓದುಗ

ಬರೆಯುವ ಕೈ ಅವರಿಗೆ ಒಂದು ಪ್ರಶ್ನೆ. ತೋಳಮನುಷ್ಯರ ಕಥೆಗಳಲ್ಲಿ 'ವಿಧಿ ಬೆಸೆದ ಜೋಡಿ' ಅಂತ ಬರುತ್ತದಲ್ಲ. ವಾಸನೆ ಹಿಡಿದ ಕೂಡಲೇ ಇವಳೇ ನನ್ನವಳು ಅಂತ ಗೊತ್ತಾಗುವುದು. ಅಲ್ಲಿ ಆಯ್ಕೆ ಎಲ್ಲಿದೆ? ದೀಪ ಅವರು ಹೇಳಿದ 'ಅವಳು ತಾನೇ ಆರಿಸುತ್ತಾಳೆ' ಅನ್ನುವುದು ಅಲ್ಲಿ ಮುರಿದು ಬೀಳುವುದಿಲ್ಲವೇ?

ತೋಳನ ನೆರಳು

ಇದಕ್ಕೆ ನಾನು ಹೇಳಲಾ? ಕೆಟ್ಟದಾಗಿ ಬರೆದರೆ ಮುರಿದು ಬೀಳುತ್ತದೆ. ಅವನು 'ವಿಧಿ ಹೇಳಿದೆ, ಬಾ' ಅನ್ನುತ್ತಾನೆ, ಅವಳು ಹಿಂದೆ ಹೋಗುತ್ತಾಳೆ. ನನಗೂ ಅಂಥವು ಬೇಡ.

ಚೆನ್ನಾಗಿ ಬರೆದವುಗಳಲ್ಲಿ ವಿಧಿಯೇ ಅಡ್ಡಿಯಾಗುತ್ತದೆ. ನಾನು ಎರಡು ಸಲ ಓದಿದ ಒಂದರಲ್ಲಿ ಅವಳು ಮಾಮೂಲಿ ಮನುಷ್ಯಳು. ಅವನಿಗೆ ಆಗುವ ಆ ಸೆಳೆತ ಅವಳಿಗೆ ಆಗುವುದೇ ಇಲ್ಲ. ಅವನು ಅವಳಿಗೆ ಏನೂ ಹೇಳದೆ ಒಂದು ವರ್ಷ ಪಕ್ಕದ ಮನೆಯವನಾಗಿ ಇರುತ್ತಾನೆ. ಮನೆಗೆ ಸೌದೆ ತಂದು ಹಾಕುತ್ತಾನೆ, ಅವಳ ಕುಂಟ ನಾಯಿಗೆ ಮದ್ದು ಹಚ್ಚುತ್ತಾನೆ. ನಿಜ ಗೊತ್ತಾದ ಮೇಲೆ ಅವಳಿಗೆ ಕೆಂಡಾಮಂಡಲ ಸಿಟ್ಟು. 'ಹಾಗಾದರೆ ನಿನಗೆ ನಾನು ಇಷ್ಟವೋ, ನಿನ್ನ ರಕ್ತಕ್ಕೆ ನಾನು ಇಷ್ಟವೋ?' ಅಂತ ಕೇಳುತ್ತಾಳೆ. ಅವನಿಗೆ ಉತ್ತರ ಗೊತ್ತಿಲ್ಲ. ಉತ್ತರ ಹುಡುಕಲು ಅವನು ಆ ಬಂಧವನ್ನೇ ಕಡಿದುಹಾಕುವ ದಾರಿ ಹಿಡಿಯುತ್ತಾನೆ. ಸೆಳೆತ ಹೋದ ಮೇಲೂ ಪ್ರೀತಿ ಉಳಿಯುತ್ತಾ ಅಂತ ನೋಡಲು.

ನಾನು ಪ್ರೀತಿಸುವುದಕ್ಕೂ ನನ್ನ ದೇಹ ಬಯಸುವುದಕ್ಕೂ ಏನು ವ್ಯತ್ಯಾಸ ಅನ್ನುವುದನ್ನು ಇಷ್ಟು ನೇರವಾಗಿ ಕೇಳುವ ಕಥೆ ತೋಳಗಳಿಲ್ಲದ ಲೋಕದಲ್ಲಿ ಬರೆಯುವುದು ಕಷ್ಟ ಅಂತ ನನಗೆ ಅನ್ನಿಸುತ್ತದೆ.

ಅನುಮಾನದ ಓದುಗ

ಇದು ಓದಬೇಕು ಅನ್ನಿಸುವಂತಿದೆ. ಅಕ್ಕನ ಕಪಾಟಿನಲ್ಲಿ ಇದೆಯಾ ಅಂತ ನೋಡುತ್ತೇನೆ.

ಪುಟ ಮಡಚುವವಳು

ಎಲ್ಲರೂ ಅಡ್ಡಿಯ ಬಗ್ಗೆ ಬರೆದಿದ್ದೀರಿ. ನಾನು ಓದುವುದು ಬೇರೆ ಕಾರಣಕ್ಕೆ. ಹೇಳಬೇಕೋ ಬೇಡವೋ ಅಂತ ನಾಲ್ಕು ದಿನದಿಂದ ಯೋಚಿಸುತ್ತಿದ್ದೆ.

ನನಗೆ 61 ವರ್ಷ. ನಮ್ಮ ಮನೆಯವರು ಹೋಗಿ ಆರು ವರ್ಷವಾಯಿತು. ಮೊದಲ ವರ್ಷ ಏನೂ ಓದಲಿಲ್ಲ. ಅಕ್ಷರ ಕಣ್ಣಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಮಗಳು ತಂದಿಟ್ಟಿದ್ದ ಪುಸ್ತಕಗಳಲ್ಲಿ ಒಂದು ದೆವ್ವದ ಪ್ರೇಮಕಥೆ. ಒಂದು ಹಳೇ ಮನೆ, ಅಲ್ಲಿ ನೂರೈವತ್ತು ವರ್ಷದ ಹಿಂದೆ ಸತ್ತ ಒಬ್ಬ. ಮನೆಗೆ ಬಂದ ಹೆಂಗಸಿಗೆ ಅವನು ಕಾಣಿಸುತ್ತಾನೆ. ಮುಟ್ಟಲು ಆಗುವುದಿಲ್ಲ. ಆದರೆ ಸಂಜೆ ಹೊತ್ತು ಮಾತಾಡುತ್ತಾನೆ. ಅವಳ ದಿನ ಹೇಗಿತ್ತು ಅಂತ ಕೇಳುತ್ತಾನೆ.

ಆ ಪುಟದಲ್ಲಿ ನಾನು ತುಂಬಾ ಹೊತ್ತು ನಿಂತೆ. ನಮ್ಮ ಮನೆಯವರು ಹೆಚ್ಚು ಮಾತಿನವರಲ್ಲ. ಆದರೆ ರಾತ್ರಿ ದೀಪ ಆರಿಸುವ ಮೊದಲು 'ಇವತ್ತು ಏನಾಯ್ತು?' ಅಂತ ಒಂದು ಮಾತು ಕೇಳುತ್ತಿದ್ದರು. ಮೂವತ್ತೆರಡು ವರ್ಷ ಕೇಳಿದರು. ಅವರು ಹೋದ ಮೇಲೆ ಯಾರೂ ಕೇಳಿರಲಿಲ್ಲ.

ದೆವ್ವ ಇದೆಯೋ ಇಲ್ಲವೋ ಅನ್ನುವುದು ನನಗೆ ಬೇಕಾಗಿಲ್ಲ. ಸತ್ತವರ ಜೊತೆ ಮಾತು ಮುಂದುವರಿಯುತ್ತದೆ ಅಂತ ಬರೆಯುವ ಧೈರ್ಯ ಬೇರೆ ಯಾವ ಬಗೆಯ ಕಾದಂಬರಿಗಿದೆ? ಉಳಿದವು ನೆನಪು ಅನ್ನುತ್ತವೆ, ಮುಂದೆ ನಡೆ ಅನ್ನುತ್ತವೆ. ಇಲ್ಲಿ ಅವರು ಕುರ್ಚಿಯಲ್ಲಿ ಬಂದು ಕೂರುತ್ತಾರೆ.

ಐತಿಹಾಸಿಕ ಕಾದಂಬರಿಯೂ ನನಗೆ ಹಾಗೇ. ಆ ಔತಣಕ್ಕೆ ಬಂದವರೆಲ್ಲ ಸತ್ತು ಇನ್ನೂರು ವರ್ಷವಾಗಿದೆ. ಪುಟ ತೆರೆದರೆ ಎಲ್ಲರೂ ಉಸಿರಾಡುತ್ತಿದ್ದಾರೆ, ಯಾರೋ ಯಾರದೋ ಕಡೆ ನೋಡುತ್ತಿದ್ದಾರೆ.

ಇತಿಹಾಸದ ಮೇಷ್ಟ್ರು

ಅಮ್ಮಾ, ಇಪ್ಪತ್ತೆರಡು ವರ್ಷ ಇತಿಹಾಸ ಹೇಳಿಕೊಟ್ಟಿದ್ದೇನೆ. ನಾನು ಯಾಕೆ ಹೇಳಿಕೊಡುತ್ತೇನೆ ಅಂತ ನನಗೇ ಇಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ. ನಾಳೆ ತರಗತಿಯಲ್ಲಿ ನಿಮ್ಮ ಆ ಕೊನೆಯ ಮಾತು ಹೇಳುತ್ತೇನೆ, ನೀವು ಬೇಡ ಅನ್ನದಿದ್ದರೆ.

ಮಧ್ಯರಾತ್ರಿ ದೀಪ

ಅಮ್ಮಾ, ನಾನು ಅಡ್ಡಿ ಅಡ್ಡಿ ಅಂತ ಶುರುಮಾಡಿದೆ. ನೀವು ಬರೆದದ್ದನ್ನು ಓದಿದ ಮೇಲೆ ಅನ್ನಿಸಿತು, ಎಲ್ಲಕ್ಕಿಂತ ದೊಡ್ಡ ಅಡ್ಡಿ ನೀವು ಹೇಳಿದ್ದೇ. ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ನಾನು ಹೆದರುತ್ತಿದ್ದದ್ದು ಅದಕ್ಕೇ. ಸಾಯದೇ ಇರುವವನ ಕಥೆಯನ್ನು ಆ ಹದಿನಾಲ್ಕರಲ್ಲಿ ಎರಡು ಸಲ ಓದಿದ್ದೆ. ಯಾಕೆ ಅಂತ ಆಗ ಕೇಳಿಕೊಳ್ಳಲಿಲ್ಲ.

ಪುಟ ಮಡಚುವವಳು

ಮೇಷ್ಟ್ರೇ, ಹೇಳಿ. ಸಂತೋಷ.

ದೀಪ, ನಿಮ್ಮ ಅಪ್ಪ ಆರಾಮಾಗಿದ್ದಾರೆ ಅಂತ ಓದಿ ನೆಮ್ಮದಿಯಾಯಿತು. ಅವರಿಗೂ ಒಂದು ಓದಿ ಹೇಳಿ.

ಬರೆಯುವ ಕೈ ಅವರೇ, ನೀವು ದೆವ್ವದ ಕಥೆ ಬರೆದಿದ್ದೀರಾ?

ಬರೆಯುವ ಕೈ

ಈಗ ಬರೆಯುತ್ತಿದ್ದೇನೆ ಅಮ್ಮಾ. ಒಂಬತ್ತು ತಿಂಗಳಾಯಿತು. ಅವಳು ದೀಪಸ್ತಂಭದಲ್ಲಿ ಕೆಲಸ ಮಾಡುವವಳು. ಅವನು ಆ ಬಂಡೆಗೆ ಬಡಿದು ಮುಳುಗಿದ ಹಡಗಿನವನು. ವ್ಯಾಂಪೈರ್ ಕಥೆಯಲ್ಲಿ ದಾರಿ ಮೂರಿವೆ ಅಂದೆನಲ್ಲ, ದೆವ್ವದ ಕಥೆಯಲ್ಲಿ ಅಷ್ಟೂ ಇಲ್ಲ. ಅವನನ್ನು ಬದುಕಿಸಿದರೆ ಸುಳ್ಳು ಅನ್ನಿಸುತ್ತದೆ. ಅವಳನ್ನು ಸಾಯಿಸಿದರೆ ನಾನು ಕೊಟ್ಟ ಮಾತು ಮುರಿದ ಹಾಗೆ. ಕೊನೆಯ ಅಧ್ಯಾಯವನ್ನು ನಾಲ್ಕು ಸಲ ಬರೆದು ಹರಿದಿದ್ದೆ. ನಿನ್ನೆ ರಾತ್ರಿ ನೀವು ಬರೆದದ್ದನ್ನು ಓದಿ ಮತ್ತೆ ಕೂತೆ. 'ಇವತ್ತು ಏನಾಯ್ತು?' ಅನ್ನುವ ಮಾತು ನನಗೆ ಬಾಗಿಲು ತೆಗೆಯಿತು. ಈಗ ಒಂದು ಕೊನೆ ಸಿಕ್ಕಿದೆ. ಒಳ್ಳೆಯ ಕೊನೆ. ಹೇಳಲಾ?

ಪುಟ ಮಡಚುವವಳು

ಒಳ್ಳೆಯದು ಅಂದಿರಲ್ಲ, ಅಷ್ಟು ಸಾಕು. ಹೇಗೆ ಅಂತ ಹೇಳಬೇಡಿ. ಪುಸ್ತಕ ಬರಲಿ, ಓದುತ್ತೇನೆ.